ಪ್ರಥಮ ಭಾಷೆ ಯಾವುದು? ಮೊದಲ ಫೋಲ್ಡರಿನಲ್ಲೇ ಉತ್ತರ ಕೊಡಿ!



ಗೋಕಾಕ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಕರದಂಟು. ಘಟಪ್ರಭೆ ಧುಮ್ಮಿಕ್ಕುವ ಜಲಪಾತ. ಅದರ ಜೊತೆಗೆ ಒಂದು ವರದಿಯೂ ನೆನಪಾಗಬೇಕು. ಆಗದಿದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿ!

1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಭಾಷಾ ಸಮಿತಿ ರಚನೆಯಾಯಿತು. 1981ರ ಜನವರಿಯಲ್ಲಿ ವರದಿ ಬಂತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ ಎಂದು ವರದಿ ಹೇಳಿತು. ಸರ್ಕಾರ ಮೀನಮೇಷ ಎಣಿಸಿತು. 1982ರಲ್ಲಿ ನಾಡು ಬೀದಿಗಿಳಿಯಿತು. ಸಾಹಿತಿಗಳು ಬಂದರು, ವಿದ್ಯಾರ್ಥಿಗಳು ಬಂದರು, ಡಾ. ರಾಜಕುಮಾರ್ ಬಂದರು. ಅದೇ ಗೋಕಾಕ ಚಳವಳಿ. ನಿಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿಯೇ ಇರಲಿಲ್ಲ.

ಅಂದಿನ ಜಗಳ ಇದ್ದದ್ದು ಎರಡೇ ಪದಗಳ ಮೇಲೆ: ಪ್ರಥಮ ಭಾಷೆ. ಬೇರೆ ಭಾಷೆ ಕಲಿಯಬೇಡಿ ಎಂದು ಯಾರೂ ಹೇಳಲಿಲ್ಲ. ಸಾಲಿನಲ್ಲಿ ಮೊದಲು ನಿಲ್ಲುವವರು ಯಾರು ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಅದೇ ಪ್ರಶ್ನೆ ಇಂದು ಮತ್ತೆ ಎದ್ದಿದೆ. ಈ ಬಾರಿ ಸಮಿತಿ ಇಲ್ಲ, ಮೆರವಣಿಗೆ ಇಲ್ಲ. ನಿಮ್ಮ ಲ್ಯಾಪ್‌ಟಾಪಿನ ಒಳಗೆ, ಸೆಟ್ಟಿಂಗ್ಸ್ ಎಂಬ ಪುಟ್ಟ ಫೈಲಿನಲ್ಲಿ ಸದ್ದಿಲ್ಲದೆ ಆ ತೀರ್ಮಾನ ಆಗಿಹೋಗುತ್ತಿದೆ. ತೀರ್ಮಾನ ಮಾಡುತ್ತಿರುವವರು ಯಾರು? ವಿದೇಶದ ಕಂಪನಿಯೇ? ದೆಹಲಿಯೇ? ಅಲ್ಲ ಸ್ವಾಮಿ, ನೀವೇ! ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ಕುಳಿತು ಪಿಎಚ್‌ಪಿ ಬರೆಯುವ ಕನ್ನಡದ ಹುಡುಗ ಹುಡುಗಿಯರು.

ಹಂದರ ಹಾಕುವ ಹೊತ್ತು

ವಿಷಯ ಬಿಡಿಸಿ ಹೇಳುತ್ತೇನೆ. ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ ಎಂಬಾತ 1995ರಲ್ಲಿ ಲೋಕಕ್ಕೆ ಬಿಟ್ಟ. ತನ್ನ ಸ್ವಂತ ಪುಟಕ್ಕಾಗಿ ಮಾಡಿಕೊಂಡಿದ್ದ ಸಲಕರಣೆ ಅದು. ಇಂದು ವಿಕಿಪೀಡಿಯ ನಡೆಯುವ ತಂತ್ರಾಂಶ ಬರೆದಿರುವುದೂ ಅದರಲ್ಲೇ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಆದ್ದರಿಂದ ಪಿಎಚ್‌ಪಿಗೆ ಕನ್ನಡ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕನ್ನಡ ಬಾರದಿರುವುದು ಅವರ ಫೈಲಿಗೆ!

ಸಣ್ಣ ಕೆಲಸಕ್ಕೆ ಸಣ್ಣ ಚೌಕಟ್ಟು ಸಾಕು. ಮೈಕ್ರೋ ಫ್ರೇಮ್‌ವರ್ಕ್ ಎಂದರೆ ಅದೇ. ಸ್ಲಿಮ್ ಅಂಥದ್ದೊಂದು. ಯಾವ ವಿಳಾಸ ಕೇಳಿದರೆ ಯಾವ ಕೋಡು ಓಡಬೇಕು ಎಂದು ದಾರಿ ತೋರಿಸುವುದೇ ಅದರ ಮುಖ್ಯ ಕೆಲಸ. ಉಳಿದದ್ದು ನಿಮಗೆ ಬಿಟ್ಟದ್ದು. ಗೋಕಾಕದ ಕರದಂಟಿನ ಅಂಗಡಿಗೆ ಆರ್ಡರ್ ಪುಟ ಬೇಕೇ? ಮೂಡಲಗಿಯ ಸಹಕಾರಿ ಸಂಘಕ್ಕೆ ಸದಸ್ಯರ ಪಟ್ಟಿ ಬೇಕೇ? ಇಷ್ಟು ಧಾರಾಳವಾಗಿ ಸಾಕು. ಬಾಡಿಗೆ ಕಡಿಮೆ ಇರುವ ಹೋಸ್ಟಿಂಗ್‌ನಲ್ಲೂ ಓಡುತ್ತದೆ.

ಉತ್ತರ ಕರ್ನಾಟಕದಲ್ಲಿ ಮದುವೆಗೆ ಮೊದಲು ಹಂದರ ಹಾಕುತ್ತಾರೆ. ಸ್ಲಿಮ್‌ಗೂ ಅಂಥ ಸಿದ್ಧ ಹಂದರವಿದೆ, ಹೆಸರು ಸ್ಲಿಮ್ ಸ್ಕೆಲಿಟನ್. 2012ರಲ್ಲಿ ಬಂದ ಕಂಪೋಸರ್ ಎಂಬ ಸಲಕರಣೆಗೆ ‘ಕ್ರಿಯೇಟ್-ಪ್ರಾಜೆಕ್ಟ್’ ಎಂದು ಒಂದು ಸಾಲಿನ ಆಜ್ಞೆ ಕೊಟ್ಟರೆ ಫೋಲ್ಡರುಗಳೆಲ್ಲ ಬಂದು ಕೂರುತ್ತವೆ. ‘ಪಬ್ಲಿಕ್’ ಫೋಲ್ಡರ್ ಊರ ಬಾಗಿಲು. ಹೊರಗಿನವರಿಗೆ ಕಾಣಬೇಕಾದದ್ದು ಅದೊಂದೇ. ‘ಆ್ಯಪ್’ ಫೋಲ್ಡರಿನಲ್ಲಿ ಸೆಟ್ಟಿಂಗ್ಸ್, ರೂಟ್ಸ್, ಮಿಡಲ್‌ವೇರ್. ‘ಎಸ್‌ಆರ್‌ಸಿ’ಯಲ್ಲಿ ನಿಮ್ಮ ಸ್ವಂತ ಕೋಡು. ‘ಟೆಸ್ಟ್ಸ್’ನಲ್ಲಿ ಪರೀಕ್ಷೆಗಳು. ‘ಲಾಗ್ಸ್’ನಲ್ಲಿ ದಿನಚರಿ. ‘ಕಂಪೋಸರ್ ಸ್ಟಾರ್ಟ್’ ಎನ್ನಿ, 8080ನೇ ಪೋರ್ಟಿನಲ್ಲಿ ಪುಟ ತೆರೆಯುತ್ತದೆ. ಏನೆನ್ನುತ್ತದೆ? ‘ಹಲೋ ವರ್ಲ್ಡ್!’

ಗಮನಿಸಿದಿರಾ? ಹಂದರ ಹಾಕಿ ಐದು ನಿಮಿಷ ಆಗಿಲ್ಲ, ಆಗಲೇ ಇಂಗ್ಲಿಷ್ ಬಂದು ಹಸೆಮಣೆಯ ಮೇಲೆ ಕುಳಿತಿದೆ!

ಲಾರಾವೆಲ್‌ನಂಥ ದೊಡ್ಡ ಚೌಕಟ್ಟಿನಲ್ಲಿ ಭಾಷೆಗೆಂದೇ ಒಂದು ಸಾಲು ಇದೆ. ಸಿದ್ಧವಾಗಿ ಬರುವಾಗ ಅಲ್ಲಿರುವುದು ಇಂಗ್ಲಿಷಿನ ಗುರುತು. ಸ್ಲಿಮ್ ಹಂದರದಲ್ಲಿ ಆ ಸಾಲೇ ಇಲ್ಲ. ಸಾಲಿಲ್ಲ ಎಂದರೆ ಭಾಷೆಯ ಪಕ್ಷಪಾತ ಇಲ್ಲ ಎಂದು ತಿಳಿಯಬೇಡಿ. ಇಲ್ಲದ ವಿಳಾಸ ಕೇಳಿ ನೋಡಿ, ಪುಟ ಸಿಗಲಿಲ್ಲ ಎಂಬುದನ್ನು ಅದು ಇಂಗ್ಲಿಷಿನಲ್ಲೇ ಹೇಳುತ್ತದೆ. ನೀವು ಪ್ರಥಮ ಭಾಷೆ ಯಾವುದೆಂದು ಬರೆಯದಿದ್ದರೆ ಬೇರೆಯವರು ಬರೆದದ್ದೇ ಉಳಿಯುತ್ತದೆ.

‘ಕನ್ನಡ ಆಮೇಲೆ ಸೇರಿಸೋಣ’

ಇದು ನಮ್ಮ ಹುಡುಗರ ಮಾಮೂಲಿ ಮಾತು. ಮೊದಲು ಇಂಗ್ಲಿಷಿನಲ್ಲಿ ಮುಗಿಸೋಣ, ಆಮೇಲೆ ಅನುವಾದ ಮಾಡಿ ಸೇರಿಸಿದರಾಯಿತು ಎನ್ನುತ್ತಾರೆ. ಆ ‘ಆಮೇಲೆ’ ಯಾವತ್ತು ಬರುತ್ತದೆ? ಬಂದರೂ ಕೆಲಸ ಕೆಡುತ್ತದೆ. ಹೇಗೆ ಎಂದು ಬೆಳಗಾವಿ ಜಿಲ್ಲೆಯ ಮೂರು ಊರುಗಳ ಹೆಸರು ಇಟ್ಟುಕೊಂಡೇ ತೋರಿಸುತ್ತೇನೆ: ಗೋಕಾಕ, ಮೂಡಲಗಿ, ಹುಕ್ಕೇರಿ.

ಇಂಗ್ಲಿಷಿನಲ್ಲಿ ‘ಇನ್’ ಎಂದು ಬರೆದು ಪಕ್ಕದಲ್ಲಿ ಊರಿನ ಹೆಸರು ಅಂಟಿಸಿದರೆ ವಾಕ್ಯ ಸಿದ್ಧ. ಕನ್ನಡದಲ್ಲಿ ಹಾಗೆ ಮಾಡಿ ನೋಡಿ! ಗೋಕಾಕದಲ್ಲಿ ಸರಿ, ಹುಕ್ಕೇರಿದಲ್ಲಿ ತಪ್ಪು. ಹುಕ್ಕೇರಿಯಲ್ಲಿ, ಮೂಡಲಗಿಯಲ್ಲಿ ಎನ್ನಬೇಕು. ನಮ್ಮ ವಿಭಕ್ತಿ ಪದದ ಕೊನೆ ನೋಡಿ ಬದಲಾಗುತ್ತದೆ. ಇಂಗ್ಲಿಷ್ ವಾಕ್ಯವನ್ನು ತುಂಡು ಮಾಡಿ ಜೋಡಿಸಿದ ಕೋಡಿಗೆ ಆಮೇಲೆ ಕನ್ನಡ ತುರುಕಿದರೆ ಬರುವುದು ಹರಕು ಮುರುಕು ಕನ್ನಡ. ಅದನ್ನು ಓದಿದ ಜನ ‘ಇಂಗ್ಲಿಷೇ ವಾಸಿ’ ಎನ್ನುತ್ತಾರೆ. ತಪ್ಪು ಕನ್ನಡದ್ದೇ? ಅಲ್ಲ, ಹಂದರ ಹಾಕಿದವರದ್ದು!

ಮೊದಲ ದಿನವೇ ಕನ್ನಡದಲ್ಲಿ ಯೋಚಿಸಿದ್ದರೆ ಪರಿಹಾರ ಸುಲಭ. ಭಾಷೆಗೆಂದು ಒಂದು ಫೋಲ್ಡರ್ ಮಾಡಿ. ಅದರೊಳಗೆ ಕನ್ನಡದ ಫೈಲು ಇಡಿ. ತುಂಡುಗಳಲ್ಲ, ಪೂರ್ತಿ ವಾಕ್ಯಗಳನ್ನು ಬರೆಯಿರಿ. ಊರಿನ ಹೆಸರಿನ ಜೊತೆ ಅದರ ‘ಅಲ್ಲಿ’ ರೂಪವನ್ನೂ ಇಟ್ಟುಕೊಳ್ಳಿ. ಇಲ್ಲವೇ ‘ಊರು: ಹುಕ್ಕೇರಿ’ ಎಂದು ನೇರವಾಗಿ ತೋರಿಸಿ. ಇಂಗ್ಲಿಷ್ ಫೈಲು ಪಕ್ಕದಲ್ಲಿರಲಿ. ಸಂಕೇಶ್ವರದ ಕಡೆ ಮರಾಠಿ ಮಾತ್ರ ಓದುವ ಗಿರಾಕಿ ಬಂದರೆ ಮರಾಠಿ ಫೈಲೂ ಇರಲಿ. ಯಾರ ಭಾಷೆಗೂ ಅಡ್ಡಿಯಿಲ್ಲ. ಆದರೆ ಸಾಲಿನಲ್ಲಿ ಮೊದಲು ಕನ್ನಡ!

ಗೋಕಾಕಕ್ಕೆ ಎಷ್ಟು ಅಕ್ಷರ?

‘ಗೋಕಾಕ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ. ಪಿಎಚ್‌ಪಿಯ ‘ಸ್ಟ್ರ್‌ಲೆನ್’ ಕೇಳಿ, 15 ಎನ್ನುತ್ತದೆ! ಅದು ಎಣಿಸುವುದು ಬೈಟುಗಳನ್ನು. ಗ, ಓತ್ವ, ಕ, ಆತ್ವ, ಕ ಎಂದು ಯೂನಿಕೋಡ್‌ನಲ್ಲಿ ಐದು ಗುರುತುಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟು. ‘ಎಂಬಿ ಸ್ಟ್ರ್‌ಲೆನ್’ ಕೇಳಿದರೆ 5 ಬರುತ್ತದೆ. ‘ಗ್ರಾಫೀಮ್ ಸ್ಟ್ರ್‌ಲೆನ್’ ಕೇಳಿದರೆ ಮಗು ಹೇಳಿದ 3 ಬರುತ್ತದೆ.

ಇದೇನು ಪಂಡಿತರ ಚರ್ಚೆ ಎಂದು ಕಡೆಗಣಿಸಬೇಡಿ. ಹೆಸರಿಗೆ ಜಾಗ ಸಾಲದೆಂದು ಯಾರೋ 10 ಬೈಟಿಗೆ ಕತ್ತರಿಸಿದರು ಎನ್ನಿ. ‘ಗೋಕ’ ಉಳಿಯುತ್ತದೆ, ಅದರ ಬಾಲಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ನೇತಾಡುತ್ತದೆ. ಡೇಟಾಬೇಸ್ ಹಳೆಯ ಲ್ಯಾಟಿನ್ ಲಿಪಿಯ ಲೆಕ್ಕದಲ್ಲಿದ್ದರಂತೂ ಇಡೀ ಹೆಸರೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಆದ್ದರಿಂದ ಹಂದರದಲ್ಲೇ ಬರೆದಿಡಿ: ಡೇಟಾಬೇಸ್ ಸಂಪರ್ಕಕ್ಕೆ ‘ಯುಟಿಎಫ್-8 ಎಂಬಿ-4’. ಕಂಪೋಸರ್ ಫೈಲಿನಲ್ಲಿ ‘ಎಂಬಿ ಸ್ಟ್ರಿಂಗ್’ ಮತ್ತು ‘ಇಂಟ್ಲ್’ ಎಂಬ ಎರಡು ವಿಸ್ತರಣೆಗಳು ಕಡ್ಡಾಯ. ಅವು ಇಲ್ಲದ ಸರ್ವರಿನಲ್ಲಿ ಕೆಲಸ ಶುರುವಾಗುವುದೇ ಬೇಡ.

ಇನ್ನೊಂದು ಅವಮಾನ ಕೇಳಿ. ಅರ್ಜಿಯಲ್ಲಿ ನಿಮ್ಮ ತಾಯಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂದು ಅರ್ಜಿ ತಿರಸ್ಕಾರವಾಗುತ್ತದೆ. ಅಂದರೆ ಕನ್ನಡದ್ದು ಅಕ್ಷರವೇ ಅಲ್ಲ! ಪರೀಕ್ಷಿಸುವ ಸಾಲಿನಲ್ಲಿ ಎ ಇಂದ ಝಡ್ ವರೆಗೆ ಮಾತ್ರ ಎಂದು ಯಾರೋ ಬರೆದಿರುತ್ತಾರೆ. ಸ್ವಲ್ಪ ತಿಳಿದವರು ಯೂನಿಕೋಡಿನ ‘ಲೆಟರ್’ ವರ್ಗವನ್ನು ಒಪ್ಪಿಕೊಳ್ಳುತ್ತಾರೆ. ಅದೂ ಸಾಲದು. ನಮ್ಮ ಕಾಗುಣಿತದ ಗುರುತುಗಳು, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ ಎಲ್ಲವೂ ಅಲ್ಲಿ ‘ಮಾರ್ಕ್’ ವರ್ಗಕ್ಕೆ ಸೇರಿವೆ. ಎರಡೂ ವರ್ಗಗಳನ್ನು ಒಪ್ಪಿದರೆ ಮಾತ್ರ ಗೋಕಾಕ ಒಳಗೆ ಬರುತ್ತದೆ. ‘ಟೆಸ್ಟ್ಸ್’ ಫೋಲ್ಡರಿನ ಮೊಟ್ಟಮೊದಲ ಪರೀಕ್ಷೆ ಇದೇ ಆಗಿರಲಿ: ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಒಳಗೆ ಕಳಿಸಿದರೆ ಅದೇ ರೂಪದಲ್ಲಿ ಹೊರಗೆ ಬರಬೇಕು.

ಮೂಡಲಗಿಯ ಪಾಠ

ಮೂಡಲಗಿ ಮೊದಲು ಗೋಕಾಕ ತಾಲೂಕಿನ ಊರು. 2010ರ ದಶಕದ ಕೊನೆಯಲ್ಲಿ ಅದೇ ಒಂದು ತಾಲೂಕಾಯಿತು. ತಾಲೂಕುಗಳ ಪಟ್ಟಿಯನ್ನು ಕೋಡಿನ ಹೊಟ್ಟೆಯಲ್ಲಿ ಬರೆದಿಟ್ಟ ಪುಟಗಳ ಗತಿ ಏನು? ಅಲ್ಲಿ ಮೂಡಲಗಿ ತಾಲೂಕು ಹುಟ್ಟಿಯೇ ಇರುವುದಿಲ್ಲ! 2014ರ ನವೆಂಬರ್ 1ರಂದು ಬೆಳಗಾವಿಗೆ ಇಂಗ್ಲಿಷಿನಲ್ಲೂ ಅದರ ಹೆಸರು ಮರಳಿ ಬಂತು. ಹಳೆಯ ‘ಬೆಲ್ಗಾಮ್’ ಇನ್ನೂ ಎಷ್ಟು ಪುಟಗಳಲ್ಲಿ ಕುಳಿತಿಲ್ಲ!

ಇಂಗ್ಲಿಷ್ ಲಿಪಿಯಲ್ಲಿ ಈ ಊರುಗಳ ಸ್ಪೆಲಿಂಗು ಒಬ್ಬೊಬ್ಬರಿಗೆ ಒಂದೊಂದು. ಹುಕ್ಕೇರಿಗೆ ಒಬ್ಬರು ಒಂದು ‘ಕೆ’ ಹಾಕುತ್ತಾರೆ, ಇನ್ನೊಬ್ಬರು ಎರಡು. ಮೂಡಲಗಿಗೆ ಒಬ್ಬರು ‘ಯು’, ಇನ್ನೊಬ್ಬರು ಎರಡು ‘ಓ’. ಹುಡುಕಿದರೆ ಊರೇ ಸಿಗುವುದಿಲ್ಲ. ಕನ್ನಡದಲ್ಲಿ ಈ ರಗಳೆ ಎಷ್ಟೋ ಕಡಿಮೆ. ಆದ್ದರಿಂದ ಊರು, ತಾಲೂಕುಗಳನ್ನು ಕೋಡಿನಿಂದ ಹೊರಗೆ, ಡೇಟಾಬೇಸಿನಲ್ಲಿ ಇಡಿ. ಮೂಲ ಹೆಸರು ಕನ್ನಡದ್ದಾಗಿರಲಿ. ಇಂಗ್ಲಿಷ್ ಸ್ಪೆಲಿಂಗುಗಳು ಎಷ್ಟಿದ್ದರೂ ಹುಡುಕುವುದಕ್ಕೆ ಅಡ್ಡಹೆಸರುಗಳಾಗಿ ಕೂರಲಿ. ನಾಳೆ ಇನ್ನೊಂದು ತಾಲೂಕು ಹುಟ್ಟಿದರೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಮಿಡಲ್‌ವೇರ್ ವಿಚಾರದಲ್ಲೂ ಒಂದು ಮೋಸ ಇದೆ. ಬ್ರೌಸರ್ ಯಾವ ಭಾಷೆ ಕೇಳುತ್ತದೋ ಆ ಭಾಷೆ ಕೊಡಿ ಎಂದು ಪುಸ್ತಕ ಹೇಳುತ್ತದೆ. ಮೂಡಲಗಿಯ ರೈತನ ಫೋನು ಇಂಗ್ಲಿಷಿನಲ್ಲಿದ್ದರೆ ಅವನಿಗೆ ಕನ್ನಡ ಬೇಡ ಎಂದು ಅರ್ಥವೇ? ಅಂಗಡಿಯಲ್ಲಿ ಹಾಗೆ ಇತ್ತು, ಹಾಗೇ ತಂದ. ಆದ್ದರಿಂದ ಬ್ರೌಸರಿನ ಮಾತು ಕೇಳಬೇಡಿ. ಮೊದಲು ಕನ್ನಡ ತೋರಿಸಿ. ಬೇರೆ ಭಾಷೆ ಬೇಕೆಂದವರು ತಾವೇ ಬಟನ್ ಒತ್ತಿ ಆರಿಸಿಕೊಳ್ಳಲಿ. ಆರಿಸಿದ್ದನ್ನು ನೆನಪಿಟ್ಟುಕೊಳ್ಳಿ. ಇಷ್ಟು ದಿನ ಬಟನ್ ಹುಡುಕುವ ಶ್ರಮ ಕನ್ನಡಿಗನದ್ದೇ ಆಗಿತ್ತಲ್ಲವೇ?

ಹುಕ್ಕೇರಿಯಿಂದ ಕಲಿಯಿರಿ

ನಮ್ಮ ಮನೆಗಳಿಗೆ ಬೆಸ್ಕಾಂ, ಹೆಸ್ಕಾಂಗಳು ಕರೆಂಟು ಕೊಡುತ್ತವೆ. ಹುಕ್ಕೇರಿಯ ಕಥೆ ಬೇರೆ. ಅಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಹಳ್ಳಿಗಳಿಗೆ ಕರೆಂಟು ಹಂಚುವ ಕೆಲಸ ಆ ಸಂಘದ್ದೇ. ವಿದ್ಯುತ್ತು ಹೊರಗಿನಿಂದ ಬರುತ್ತದೆ, ಹಂಚುವ ವ್ಯವಸ್ಥೆ ಊರಿನದು.

ನಮಗೆ ಬೇಕಾದದ್ದು ಅದೇ ಮಾದರಿ. ಪಿಎಚ್‌ಪಿ ಹೊರಗಿನದು, ಸ್ಲಿಮ್ ಹೊರಗಿನದು. ಇರಲಿ, ತನ್ನಿ. ಹಂದರ ಮಾತ್ರ ನಮ್ಮದಾಗಿರಲಿ. ಚೌಕಟ್ಟುಗಳು ಬರುತ್ತವೆ, ಹೋಗುತ್ತವೆ. ಸಿಲೆಕ್ಸ್ ಎಂಬ ಪುಟ್ಟ ಚೌಕಟ್ಟಿನ ಕಥೆ 2018ರಲ್ಲೇ ಮುಗಿಯಿತು. ಲುಮೆನ್ ಅನ್ನು ಹೊಸ ಕೆಲಸಕ್ಕೆ ಬಳಸಬೇಡಿ ಎಂದು ಅದನ್ನು ಮಾಡಿದವರೇ ಹೇಳುತ್ತಿದ್ದಾರೆ. ಆದ್ದರಿಂದ ಕನ್ನಡದ ವಾಕ್ಯಗಳ ಫೈಲು, ಊರುಗಳ ಪಟ್ಟಿ, ಹೆಸರು ಪರೀಕ್ಷಿಸುವ ಕೋಡು ಇವನ್ನೆಲ್ಲ ಚೌಕಟ್ಟಿಗೆ ಅಂಟಿಸದೆ ಬೇರೆಯೇ ಇಡಿ. ನಾಳೆ ಸ್ಲಿಮ್ ಹೋದರೂ ನಿಮ್ಮ ಕನ್ನಡ ಹೋಗಬಾರದು.

‘ಕೋಡನ್ನೇ ಕನ್ನಡದಲ್ಲಿ ಬರೆಯಬೇಕೇ?’ ಎಂದು ಕೆಲವರು ಗೇಲಿ ಮಾಡುತ್ತಾರೆ. ಬೇಡ. ಪಿಎಚ್‌ಪಿ ವೇರಿಯಬಲ್ಲಿಗೆ ಕನ್ನಡದ ಹೆಸರಿಟ್ಟರೂ ಓಡುತ್ತದೆ, ಆದರೆ ನಮ್ಮ ಹಟ ಅದಲ್ಲ. ಅಡುಗೆ ಮನೆಯಲ್ಲಿ ಯಾವ ಕಂಪನಿಯ ಪಾತ್ರೆಯಾದರೂ ಇರಲಿ, ಬಡಿಸುವಾಗ ಮನೆಯ ಮಾತಿನಲ್ಲಿ ಬಡಿಸಿ. ಜನ ಓದುವ ಪ್ರತಿ ಸಾಲು, ತಪ್ಪಾದಾಗ ಕಾಣುವ ಸಂದೇಶವೂ ಸೇರಿ, ಮೊದಲು ಕನ್ನಡದಲ್ಲಿ ಇರಬೇಕು. ಕೇಳುತ್ತಿರುವುದು ಇಷ್ಟೇ.

ಈಗ ನಿಮ್ಮ ಸರದಿ. ಬರುವ ಭಾನುವಾರ ಮೂರು ಜನ ಸೇರಿ. ಒಂದು ಲ್ಯಾಪ್‌ಟಾಪ್ ಸಾಕು. ಸ್ಲಿಮ್ ಹಂದರ ಇಳಿಸಿಕೊಳ್ಳಿ. ಮೇಲೆ ಹೇಳಿದ ಬದಲಾವಣೆಗಳನ್ನು ಒಂದೊಂದಾಗಿ ಮಾಡಿ. ಸ್ಲಿಮ್‌ನ ಪರವಾನಗಿ ಎಂಐಟಿಯದು; ತಿದ್ದಲು, ಹಂಚಲು ಯಾರ ಅಪ್ಪಣೆಯೂ ಬೇಡ. ಸಿದ್ಧವಾದ ಕನ್ನಡ ಹಂದರವನ್ನು ಎಲ್ಲರಿಗೂ ಹಂಚಿ. ಹುಕ್ಕೇರಿ ತಾಲೂಕಿನ ನಿಡಸೋಶಿಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಗೋಕಾಕದಲ್ಲಿ, ಮೂಡಲಗಿಯಲ್ಲಿ ಕಲಿಯುವ ಹುಡುಗರಿದ್ದಾರೆ. ಅವರ ಮೊದಲ ಪ್ರಾಜೆಕ್ಟು ‘ಹಲೋ ವರ್ಲ್ಡ್’ ಎನ್ನದೆ ‘ನಮಸ್ಕಾರ’ ಎಂದು ಬಾಯಿ ಬಿಡಲಿ.

1982ರಲ್ಲಿ ನಿಮ್ಮ ಹಿರಿಯರು ಬಿಸಿಲಲ್ಲಿ ನಡೆದರು. ನಿಮಗೆ ಬೀದಿಗಿಳಿಯುವ ಕಷ್ಟವೂ ಇಲ್ಲ. ಸೆಟ್ಟಿಂಗ್ಸ್ ಫೈಲು ತೆರೆಯಿರಿ. ಪ್ರಥಮ ಭಾಷೆ ಕನ್ನಡ ಎಂದು ಒಂದು ಸಾಲು ಬರೆಯಿರಿ.

ಉಳಿಸಿ!