ಗಡಿ ಅಳಿಯಿತು, ಬಣ ಬೆಳೆಯಿತು

1948ಕ್ಕೆ ಮುಂಚೆ ಗದಗ-ಬೆಟಗೇರಿಯವನು ಮುಂಬಯಿ ಪ್ರಾಂತದ ಪ್ರಜೆ. ಚಕ್ಕಡಿಯಲ್ಲಿ ಒಂದು ದಿನದ ಹಾದಿಯಾದ ಲಕ್ಷ್ಮೇಶ್ವರದವನು ಮಿರಜ ಸಂಸ್ಥಾನದ ಪ್ರಜೆ. ಅದರ ನೆರೆಯ ಶಿರಹಟ್ಟಿಯವನು ಸಾಂಗಲಿಯ ಪ್ರಜೆ. ನುಡಿಯೊಂದು, ಒಡೆಯರು ಮೂವರು! ಈ ಗೆರೆಗಳನ್ನು ಅಳಿಸಲು ನಮ್ಮ ಹಿರಿಯರು ಸೆರೆಮನೆ ಕಂಡರು, ಉಪವಾಸ ಕುಳಿತರು. 1956ರ ನವೆಂಬರ 1ಕ್ಕೆ ನಾಡು ಒಂದಾಯಿತು. ಆದರೆ ನಕಾಶೆಯಲ್ಲಿ ಅಳಿದ ಗೆರೆಯು ಪಕ್ಷದ ಕಚೇರಿಯಲ್ಲಿ ಮತ್ತೆ ಮೂಡಿತೆಂಬುದನ್ನು ನಾವು ಹೇಳದೆ ಇರಲಾರೆವು.

ಏಕೀಕರಣಕ್ಕೆ ಮೈಸೂರಿನಲ್ಲಿ ಬೆಂಬಲವಾಗಿ ನಿಂತ ಕೆಂಗಲ್ ಹನುಮಂತಯ್ಯನವರು, ನಾಡು ಕೂಡುವದಕ್ಕೆ ಮೂರು ತಿಂಗಳು ಸಹ ಇಲ್ಲದಿರುವಾಗ, ಸ್ವಪಕ್ಷದವರ ವಿರೋಧದಿಂದಲೇ ಅಧಿಕಾರ ಬಿಡಬೇಕಾಯಿತು. ಎರಡು ವರುಷ ತುಂಬುವದರೊಳಗೆ ನಿಜಲಿಂಗಪ್ಪನವರ ಸರದಿಯೂ ಬಂದಿತು. 1958ರಲ್ಲಿ ಜತ್ತಿಯವರು ಮುಖ್ಯಮಂತ್ರಿಗಳಾದರು.

ನಮ್ಮ ಮಗ್ಗುಲಿನ ಮಾತನ್ನೇ ನೋಡೋಣ. 1977ರಲ್ಲಿ ಹುಲಕೋಟಿಯ ಕೆ. ಎಚ್. ಪಾಟೀಲರು ಪ್ರಾಂತಿಕ ಕಾಂಗ್ರೆಸ್ಸಿನ ಅಧ್ಯಕ್ಷರು, ದೇವರಾಜ ಅರಸರು ಮುಖ್ಯಮಂತ್ರಿಗಳು. ಒಬ್ಬರು ಸಹಕಾರದ ಕಟ್ಟಾಳು. ಇನ್ನೊಬ್ಬರು 1974ರ ಭೂಸುಧಾರಣೆಯ ರೂವಾರಿ. ಇಬ್ಬರೂ ಕೂಡಿದ್ದರೆ ರೈತನಿಗೆ ಭೂಮಿಯೂ ಬಂಡವಾಳವೂ ಒಟ್ಟಿಗೆ ಒದಗುತ್ತಿದ್ದವು. ಆದುದೇನು? ವರುಷದ ಕೊನೆಗೆ ಸರಕಾರ ವಜಾ; 1978ರ ಆರಂಭದಲ್ಲಿ ಪಕ್ಷ ಎರಡು ಹೋಳು; ಫೆಬ್ರುವರಿಯ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 149 ಸ್ಥಾನ. ಗೆದ್ದ ಬಣವಾದರೂ ಬಾಳಿತೆ? 1979ರಲ್ಲಿ ಅರಸರೇ ಪಕ್ಷದಿಂದ ಹೊರಬಿದ್ದರು. 1983ರಲ್ಲಿ ಕಾಂಗ್ರೆಸ್ಸೇ ಗದ್ದುಗೆಯಿಂದ ಇಳಿಯಿತು.

ಇದು ಒಂದೇ ಪಕ್ಷದ ರೋಗವೆಂದು ಯಾರೂ ಹಿಗ್ಗಬೇಕಾಗಿಲ್ಲ. 2012ರಲ್ಲಿ ಯಡಿಯೂರಪ್ಪನವರು ಭಾರತೀಯ ಜನತಾ ಪಕ್ಷವನ್ನು ಬಿಟ್ಟು ಬೇರೆ ಪಕ್ಷ ಹೂಡಿದರು. 2013ರಲ್ಲಿ ಎರಡೂ ಸೋತವು.

ಭಿನ್ನಮತವು ಪ್ರಜಾರಾಜ್ಯದ ಉಸಿರೆಂದು ಕೆಲವರು ವಾದಿಸುವರು. ಒಪ್ಪಿದೆವು. ಆದರೆ ತತ್ತ್ವದ ಜಗಳವು ಬಹಿರಂಗ ಸಭೆಯಲ್ಲಿ, ಸದಸ್ಯರ ಮತದಿಂದ ತೀರುವದು; ಗದ್ದುಗೆಯ ಜಗಳವು ದಿಲ್ಲಿಯ ಹೊಸ್ತಿಲಲ್ಲಿ ಕಾಯುವದು. ತಾಲೂಕು ಸಮಿತಿಯನ್ನು ಮೇಲಿನವರು ನೇಮಿಸುವ ವರೆಗೆ ಕೆಳಗಿನವರು ಬಣವನ್ನು ಹುಡುಕದೆ ಮತ್ತೇನು ಮಾಡುವರು?

ಮದ್ದು ನಮ್ಮ ಮನೆಯ ಹಿತ್ತಲಿನಲ್ಲಿಯೇ ಇದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಸದಸ್ಯನೊಬ್ಬನಿಗೆ ಒಂದು ಮತ, ಎಲ್ಲರೆದುರು ಲೆಕ್ಕ: ಇದೇ ಸಹಕಾರದ ಕಟ್ಟಳೆ. ಸಾಲದ ಸಂಘಕ್ಕೆ ಬೇಕಾದ ಈ ನಿಯಮವು ರಾಜ್ಯವಾಳುವ ಪಕ್ಷಕ್ಕೆ ಬೇಡವೇ?

ಪೌರರೇ, ಶಿಕ್ಷಕ ಬಂಧುಗಳೇ! ಮುಂದಾಳುವು ನಿಮ್ಮ ಬಾಗಿಲಿಗೆ ಬಂದಾಗ, ಯಾರ ಬಣದವನೆಂದು ಕೇಳಬೇಡಿರಿ. ನಿನ್ನನ್ನು ಆರಿಸಿದ ಸದಸ್ಯರು ಯಾರು, ತುಂಗಭದ್ರೆಯ ನೀರು ಮುಂಡರಗಿಯ ಎಷ್ಟು ಹೊಲಗಳನ್ನು ಮುಟ್ಟಿತು ಎಂದು ಕೇಳಿರಿ. ಉತ್ತರವಿಲ್ಲದವನಿಗೆ ಮತವೂ ಇಲ್ಲವೆನ್ನಿರಿ. ಕೂಡಿಸಿಕೊಂಡ ನಾಡನ್ನು ಬಣಗಳಿಗೆ ಹಂಚಿಕೊಡುವ ಹಕ್ಕು ಯಾರಿಗೂ ಇಲ್ಲ.