ಯೂನಿಯನ್ ರಿಜಿಸ್ಟರ್ ಆದರೆ ಸಾಲದು, ಲೆಕ್ಕಕ್ಕೂ ಬರಬೇಕು

ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಬಂದು ಹಾರ್ನ್ ಹೊಡೆಯುವ ಊರುಗಳಲ್ಲಿ ಯೂನಿಯನ್ ಎಂಬ ಮಾತು ಈಗ ಹೊಸದೇನಲ್ಲ. ಮಂಡ್ಯ, ಮದ್ದೂರು, ರಾಮನಗರ, ತುಮಕೂರು ಸುತ್ತಮುತ್ತ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಫ್ಯಾಕ್ಟರಿಗೆ ಹೋಗಿಬರುತ್ತಾರೆ. ಆದರೆ ಯೂನಿಯನ್ ವಿಷಯ ಬಂದಾಗ ನಮ್ಮಲ್ಲಿ ಬಹಳ ಜನ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದಾರೆ. ಒಂದು ನೋಂದಣಿ. ಇನ್ನೊಂದು ಮಾನ್ಯತೆ.

ನೋಂದಣಿ ಅಂದರೆ ಕಾರ್ಮಿಕ ಇಲಾಖೆ ನಿಮ್ಮ ಸಂಘಕ್ಕೆ ಕೊಡುವ ಸರ್ಟಿಫಿಕೇಟು. ಮಾನ್ಯತೆ ಅಂದರೆ ಕಂಪನಿಯವರು "ಸರಿ, ಸಂಬಳ, ಬೋನಸ್ಸು, ಕೆಲಸದ ವೇಳೆ ಇದೆಲ್ಲದರ ಬಗ್ಗೆ ಈ ಸಂಘದವರ ಜೊತೆಗೇ ಕೂತು ಮಾತಾಡುತ್ತೇವೆ" ಎಂದು ಒಪ್ಪುವುದು. ರೇಷನ್ ಕಾರ್ಡು ಕೈಯಲ್ಲಿದೆ, ಆದರೆ ಸೊಸೈಟಿ ಬಾಗಿಲು ಹಾಕಿದೆ ಅಂದರೆ ಅಕ್ಕಿ ಬರುತ್ತದೆಯೇ? ಮಾನ್ಯತೆ ಇಲ್ಲದ ಯೂನಿಯನ್ ಕಥೆಯೂ ಅಷ್ಟೇ. ಸೀಲು, ಲೆಟರ್‌ಹೆಡ್ಡು ಎಲ್ಲಾ ಇರುತ್ತದೆ. ಗೇಟಿನ ಒಳಗೆ ಕರೆಯುವವರು ಇರುವುದಿಲ್ಲ.

1926ರ ಟ್ರೇಡ್ ಯೂನಿಯನ್ ಕಾಯ್ದೆ ನೋಂದಣಿಗೆ ದಾರಿ ಮಾಡಿಕೊಟ್ಟಿತು. ಮಾನ್ಯತೆ ಕೊಡಲೇಬೇಕು ಎಂದು ಮಾಲೀಕರಿಗೆ ಹೇಳಲಿಲ್ಲ. ಈ ಕೊರತೆ ಆಗಲೇ ಕೆಲವರ ಕಣ್ಣಿಗೆ ಬಿದ್ದಿತ್ತು. ಬ್ರಿಟಿಷರ ಕಾಲದ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್. 1943ರಲ್ಲಿ ಅವರು ಮಾಲೀಕರು ಯೂನಿಯನ್‌ಗಳಿಗೆ ಮಾನ್ಯತೆ ಕೊಡುವುದು ಕಡ್ಡಾಯವಾಗಬೇಕು ಎಂಬ ಮಸೂದೆ ಮಂಡಿಸಿದರು. 1947ರಲ್ಲಿ ಅಂಥ ತಿದ್ದುಪಡಿಗೆ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಏನಾಯಿತು ಗೊತ್ತೇ? ಅದು ಜಾರಿಗೇ ಬರಲಿಲ್ಲ. ಪಾಸಾದ ಕಾನೂನನ್ನು ಹೊರಗೆ ತೆಗೆಯದೆ ಹಾಗೇ ಇಟ್ಟುಬಿಟ್ಟರು. ಏಪ್ರಿಲ್ 14ಕ್ಕೆ ಊರೂರಲ್ಲಿ ಹಾರ ಹಾಕುತ್ತೇವೆ, ಅವರ ಈ ಕೆಲಸದ ಬಗ್ಗೆ ಮಾತ್ರ ವೇದಿಕೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಕೆಲವು ರಾಜ್ಯಗಳು ತಮ್ಮದೇ ದಾರಿ ಮಾಡಿಕೊಂಡವು. ಮಹಾರಾಷ್ಟ್ರ 1971ರಲ್ಲಿ, ಕೇರಳ 2010ರಲ್ಲಿ ಕಾನೂನು ತಂದವು. ಕರ್ನಾಟಕದಲ್ಲಿ ಅಂಥದ್ದು ಇರಲಿಲ್ಲ. ನಮ್ಮ ಪಾಲಿಗೆ ಇದ್ದದ್ದು 1958ರ ಶಿಸ್ತು ಸಂಹಿತೆ. ಒಂದು ವರ್ಷ ನಡೆದಿರುವ, ಫ್ಯಾಕ್ಟರಿಯ ಶೇ. 15ರಷ್ಟು ಕೆಲಸಗಾರರು ಸದಸ್ಯರಾಗಿರುವ ಯೂನಿಯನ್ ಮಾನ್ಯತೆ ಕೇಳಬಹುದು ಎಂದು ಅದು ಹೇಳುತ್ತಿತ್ತು. ಅದು ಕಾನೂನಲ್ಲ, ಎರಡೂ ಕಡೆಯವರು ಮನಸ್ಸಿದ್ದರೆ ಪಾಲಿಸುವ ಒಪ್ಪಂದ. ಮನಸ್ಸಿಲ್ಲದವರನ್ನು ಯಾರೂ ಕೇಳುವಂತಿರಲಿಲ್ಲ.

ಮಾನ್ಯತೆ ಇಲ್ಲದಿದ್ದರೆ ಆಗುವ ನಷ್ಟ ಎಷ್ಟು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಶ್ರೀರಂಗಪಟ್ಟಣಕ್ಕೆ ಬಂದರೆ ಸಾಕು. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋದಿಂಗ್ ಎಂಬ ಘಟಕ ಇತ್ತು. ಎಚ್ ಅಂಡ್ ಎಂ ಎಂಬ ವಿದೇಶಿ ಬ್ರ್ಯಾಂಡಿಗೆ ಬಟ್ಟೆ ಹೊಲಿಯುತ್ತಿದ್ದರು. ಸುಮಾರು 1,200 ಜನ, ಹೆಚ್ಚಿನವರು ಸುತ್ತಲ ಹಳ್ಳಿಗಳ ಹೆಂಗಸರು. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಮಷೀನುಗಳನ್ನು ಸಾಗಿಸಲು ಶುರುಮಾಡಿದಾಗಲೇ ಫ್ಯಾಕ್ಟರಿ ಮುಚ್ಚುತ್ತಿದೆ ಎಂದು ಅವರಿಗೆ ತಿಳಿದದ್ದು. ಆರ್ಡರ್ ಇಲ್ಲ ಎಂದು ಕಂಪನಿ ಹೇಳಿತು. ಕಂಪನಿಯ ಅಷ್ಟೊಂದು ಘಟಕಗಳಲ್ಲಿ ಯೂನಿಯನ್ ಗಟ್ಟಿಯಾಗಿದ್ದದ್ದು ಇಲ್ಲಿ, ಅದಕ್ಕೇ ಇದನ್ನೇ ಮುಚ್ಚಿದರು ಎಂದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹೇಳಿತು. ಹೆಂಗಸರು ಗೇಟಿನಲ್ಲೇ ವಾರಗಟ್ಟಲೆ ಕೂತರು. ವಿಷಯ ಬ್ರ್ಯಾಂಡಿನವರೆಗೆ, ಅಂತಾರಾಷ್ಟ್ರೀಯ ಕಾರ್ಮಿಕ ಒಕ್ಕೂಟದವರೆಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡವರನ್ನು ಬೇರೆ ಘಟಕಗಳಲ್ಲಿ ಮತ್ತೆ ತೆಗೆದುಕೊಳ್ಳುವ ಒಪ್ಪಂದಕ್ಕೆ ಕಂಪನಿ ಅದೇ ಯೂನಿಯನ್ ಜೊತೆ ಸಹಿ ಹಾಕಿತು.

ಜೂನ್‌ನಿಂದ ಫೆಬ್ರವರಿಗೆ ಎಂಟು ತಿಂಗಳು. ಕೊನೆಗೆ ಆದದ್ದು ಇಷ್ಟೇ ತಾನೇ, ಕಂಪನಿ ಮತ್ತು ಯೂನಿಯನ್ ಎದುರುಬದುರು ಕೂತವು. ಆ ಕುರ್ಚಿಗಳನ್ನು ಮೊದಲೇ ಹಾಕಿದ್ದರೆ ಎಂಟು ತಿಂಗಳ ಸಂಬಳ, ಕೈಸಾಲ, ಧರ್ಮಸ್ಥಳ ಸಂಘದ ವಾರದ ಕಂತು, ಇಷ್ಟೆಲ್ಲಾ ಹೊರೆ ಆ ಹೆಂಗಸರ ತಲೆಮೇಲೆ ಬೀಳುತ್ತಿತ್ತೇ?

ಪಕ್ಕದ ತಮಿಳುನಾಡಿನಲ್ಲಿ ನೋಂದಣಿಗೇ ಇಷ್ಟು ಒದ್ದಾಡಬೇಕಾಯಿತು. ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯ ಕೆಲಸಗಾರರು 2024ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಮುಷ್ಕರ ಮಾಡಿದರು. ಸಂಘದ ಹೆಸರಿನಲ್ಲಿ 'ಸ್ಯಾಮ್‌ಸಂಗ್' ಎಂಬ ಪದ ಇರಕೂಡದು ಎಂದು ಕಂಪನಿ ತಕರಾರು ತೆಗೆದಿತ್ತು. ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2025ರ ಜನವರಿಯಲ್ಲಿ ಸರ್ಟಿಫಿಕೇಟು ಸಿಕ್ಕಿತು.

ಈಗ ಕಾನೂನು ಬದಲಾಗಿದೆ. ಕೇಂದ್ರದ ಕೈಗಾರಿಕಾ ಸಂಬಂಧಗಳ ಸಂಹಿತೆ 2020ರಲ್ಲೇ ಪಾಸಾಗಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದು ಕಡೆ ಒಂದೇ ಯೂನಿಯನ್ ಇದ್ದು, ಅದು ನಿಯಮದ ಷರತ್ತು ಪೂರೈಸಿದರೆ ಕಂಪನಿ ಅದನ್ನು ಒಪ್ಪಲೇಬೇಕು. ಒಂದಕ್ಕಿಂತ ಹೆಚ್ಚು ಇದ್ದರೆ, ಮಸ್ಟರ್ ರೋಲ್‌ನಲ್ಲಿರುವ ಕೆಲಸಗಾರರಲ್ಲಿ ಶೇ. 51 ಅಥವಾ ಅದಕ್ಕಿಂತ ಹೆಚ್ಚಿನವರ ಬೆಂಬಲ ಇರುವ ಯೂನಿಯನ್‌ಗೆ ಮಾತುಕತೆಯ ಹಕ್ಕು. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ. 20ರಷ್ಟು ಬೆಂಬಲ ಇರುವ ಯೂನಿಯನ್‌ಗಳು ಸೇರಿ ಒಂದು ಮಾತುಕತೆ ಮಂಡಳಿ. ಪ್ರತಿ ಶೇ. 20ಕ್ಕೆ ಒಬ್ಬ ಪ್ರತಿನಿಧಿ.

ಎಂಬತ್ತು ವರ್ಷ ಕಾದ ಮೇಲೆ ಕಡ್ಡಾಯ ಎಂಬ ಮಾತು ಕಾನೂನಿನಲ್ಲಿ ಬಂತಲ್ಲ, ಅದು ಒಳ್ಳೆಯದೇ. ಈ ಸಂಹಿತೆಯ ಮುಷ್ಕರದ ನಿಯಮಗಳ ಬಗ್ಗೆ ನನಗೆ ಬೇರೆ ತಕರಾರಿದೆ, ಅದನ್ನು ಇನ್ನೊಮ್ಮೆ ಬರೆಯೋಣ. ಇಲ್ಲಿ ನನ್ನ ಪ್ರಶ್ನೆ ಒಂದೇ. ಶೇ. 51 ಅಂದರೆ ಯಾರಲ್ಲಿ ಶೇ. 51?

ಮಸ್ಟರ್ ರೋಲ್ ಅಂದರೆ ನಿಮಗೆ ಗೊತ್ತು. ನರೇಗಾದಲ್ಲಿ ಎನ್‌ಎಂಆರ್ ಬಂದಿದೆಯಾ, ನನ್ನ ಹೆಸರು ಇದೆಯಾ ಎಂದು ಪಂಚಾಯ್ತಿಯಲ್ಲಿ ಕೇಳುತ್ತೀರಲ್ಲ, ಅದೇ. ಅದರಲ್ಲಿ ಹೆಸರಿಲ್ಲದಿದ್ದರೆ ನೀವು ಎಷ್ಟು ಮಣ್ಣು ಹೊತ್ತರೂ ಲೆಕ್ಕಕ್ಕಿಲ್ಲ. ಫ್ಯಾಕ್ಟರಿಯಲ್ಲೂ ಹಾಗೇ. ಏಜೆನ್ಸಿ ಮೂಲಕ ಕೆಲಸಕ್ಕೆ ಹೋಗುವವರ ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ. ಒಂದೇ ಲೈನಿನಲ್ಲಿ ನಿಂತು ಅದೇ ಮಾಲು ಮಾಡಿದರೂ ಯೂನಿಯನ್ ಬೆಂಬಲ ಎಣಿಸುವಾಗ ಅವರು ಹೊರಗೆ ಉಳಿಯುವ ಅಪಾಯ ಇದೆ.

ಇದು ಸಣ್ಣ ಸಂಖ್ಯೆಯ ಮಾತಲ್ಲ. ಕೋಲಾರದ ನರಸಾಪುರದ ವಿಸ್ಟ್ರಾನ್ ನೆನಪಿದೆಯಲ್ಲ? ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆ, ಈಗ ಟಾಟಾದವರ ಕೈಯಲ್ಲಿದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಸಂಬಳ ಸರಿಯಾಗಿ ಬಂದಿಲ್ಲ ಎಂದು ಕೆಲಸಗಾರರು ಗಾಜು ಒಡೆದು ಗಲಾಟೆ ಮಾಡಿದರು. ನೂರಾರು ಹುಡುಗರು ಕೇಸು ಹಾಕಿಸಿಕೊಂಡರು. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕ ಬಂದವರು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಬಳ ಕೊಡುವುದರಲ್ಲಿ ಲೋಪ ಆಗಿದ್ದನ್ನು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಅಂಥ ದೂರನ್ನು ಹಿಡಿದು ಒಳಗೆ ಹೋಗಿ ಕೂರಲು ಆ ಹುಡುಗರ ಪರವಾಗಿ ಯಾವ ಸಂಘ ಇತ್ತು? ಈಗಿನ ಹೊಸ ಲೆಕ್ಕದಲ್ಲೂ ಏಜೆನ್ಸಿಯವರನ್ನು ಬಿಟ್ಟು ಎಣಿಸಿದರೆ, ಅಂಥ ಕಡೆ ಕಾಯಂ ಆದ ಸ್ವಲ್ಪ ಜನರ ಶೇ. 51ರಲ್ಲೇ ಎಲ್ಲಾ ತೀರ್ಮಾನ ಆಗಿಬಿಡುತ್ತದೆ.

ಬೆಂಬಲವನ್ನು ಹೇಗೆ ಪರಿಶೀಲಿಸಬೇಕು ಎಂಬುದನ್ನು ಸಂಹಿತೆ ಸರ್ಕಾರದ ನಿಯಮಗಳಿಗೆ ಬಿಟ್ಟಿದೆ. ನಿಜವಾದ ಜಗಳ ಇರುವುದು ಇಲ್ಲೇ. ಯೂನಿಯನ್ ಸದಸ್ಯರ ಪಟ್ಟಿಯನ್ನು ಕಂಪನಿಯ ಮುಂದೆ ಇಟ್ಟು ತಾಳೆ ನೋಡುವುದು ಒಂದು ಕ್ರಮ. ಸಂಬಳದಲ್ಲಿ ಚಂದಾ ಹಿಡಿದುಕೊಳ್ಳಿ ಎಂದು ಯಾರು ಯಾರು ಬರೆದುಕೊಟ್ಟಿದ್ದಾರೆ ಎಂದು ಎಣಿಸುವುದು ಇನ್ನೊಂದು. ಎರಡರಲ್ಲೂ ಯಾರು ಯೂನಿಯನ್ ಸೇರಿದ್ದಾರೆ ಎಂಬುದು ಮ್ಯಾನೇಜರ್ ಟೇಬಲ್ ಮೇಲೆ ಬರುತ್ತದೆ. ಹೆಸರು ಗೊತ್ತಾದ ಮೇಲೆ ಟಾರ್ಗೆಟ್ ಹೆಚ್ಚುತ್ತದೆ, ರಜೆ ಕೇಳಿದರೆ ಸಿಗುವುದಿಲ್ಲ, ದೂರದ ಘಟಕಕ್ಕೆ ಹಾಕುತ್ತಾರೆ. ಈ ಹೆದರಿಕೆಯಿಂದಲೇ ಎಷ್ಟೋ ಜನ ರಸೀದಿ ಬೇಡ, ಮನಸ್ಸಿನಲ್ಲಿ ನಿಮ್ಮ ಜೊತೆ ಇದ್ದೀವಿ ಅನ್ನುತ್ತಾರೆ.

ಮೂರನೆಯದು ಗುಪ್ತ ಮತದಾನ. ಭಾರತೀಯ ಆಹಾರ ನಿಗಮದ ಯೂನಿಯನ್‌ಗಳ ವಿಷಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಇಂಥ ಮತದಾನ ಹೇಗೆ ನಡೆಸಬೇಕು ಎಂದು ಕ್ರಮವನ್ನೇ ಹಾಕಿಕೊಟ್ಟಿದೆ. ಪಂಚಾಯ್ತಿ ಮೆಂಬರ್‌ಗೆ, ಡೈರಿ ಡೈರೆಕ್ಟರ್‌ಗೆ ಗುಟ್ಟಾಗಿ ಓಟು ಹಾಕಿಸುವ ಸರ್ಕಾರಕ್ಕೆ ಫ್ಯಾಕ್ಟರಿಯಲ್ಲಿ ಒಂದು ಪೆಟ್ಟಿಗೆ ಇಡಲು ಏನು ಕಷ್ಟ? ಕಾರ್ಮಿಕ ಇಲಾಖೆಯವರೇ ನಿಂತು ನಡೆಸಲಿ, ಏಜೆನ್ಸಿಯವರಿಗೂ ಓಟು ಕೊಡಲಿ ಎಂಬುದು ನನ್ನ ಅಭಿಪ್ರಾಯ.

ಕಂಪನಿಯವರ ಕಡೆಯ ಮಾತೂ ಇದೆ. ಹೊರಗಿನ ಲೀಡರ್‌ಗಳು, ಪಕ್ಷದವರು ಬಂದು ಜನರನ್ನು ಕೆಡಿಸುತ್ತಾರೆ, ಐದು ಯೂನಿಯನ್ ಇದ್ದರೆ ಯಾರ ಜೊತೆ ಮಾತಾಡುವುದು ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ನಿಜವೂ ಇದೆ, ಲೀಡರ್‌ಗಳ ಕಿತ್ತಾಟ ನಾವೂ ನೋಡಿದ್ದೇವೆ. ಆದರೆ ಅದಕ್ಕೂ ಮದ್ದು ಮತಪೆಟ್ಟಿಗೆಯೇ. ಓಟು ಬಿದ್ದ ಮೇಲೆ ಯಾರ ಹಿಂದೆ ಜನ ಇದ್ದಾರೆ, ಯಾರ ಹಿಂದೆ ಬರೀ ಬ್ಯಾನರ್ ಇದೆ ಎಂದು ಎರಡೂ ಕಡೆಯವರಿಗೆ ಗೊತ್ತಾಗುತ್ತದೆ.

ನಿಯಮ ಏನೇ ಬರಲಿ, ನಿಮ್ಮ ಮನೆಯಿಂದ ಫ್ಯಾಕ್ಟರಿಗೆ ಹೋಗುವವರು ಯಾರ ಪಟ್ಟಿಯಲ್ಲಿದ್ದಾರೆ ಎಂದು ಇವತ್ತೇ ನೋಡಿಕೊಳ್ಳಬಹುದು. ಫೋನಿನಲ್ಲಿ ಉಮಂಗ್ ಆ್ಯಪ್ ತೆರೆದು ಪಿಎಫ್ ಪಾಸ್‌ಬುಕ್ ನೋಡಿ. ಅದರಲ್ಲಿ ಸಂಸ್ಥೆಯ ಹೆಸರು ಇರುತ್ತದೆ. ಗೇಟಿನ ಬೋರ್ಡಿನಲ್ಲಿರುವ ಕಂಪನಿಯ ಹೆಸರೇ ಅಲ್ಲೂ ಇದೆಯೋ, ನೀವು ಕೇಳಿಯೇ ಇರದ ಯಾವುದೋ ಏಜೆನ್ಸಿ ಹೆಸರಿದೆಯೋ ನೋಡಿ. ಏಜೆನ್ಸಿ ಹೆಸರಿದ್ದರೆ, ಯೂನಿಯನ್‌ನವರು ಚಂದಾ ಕೇಳಲು ಬಂದಾಗ ಮೊದಲು ಇದನ್ನೇ ಕೇಳಿ: ಎಣಿಸುವ ದಿನ ನಮ್ಮನ್ನೂ ಎಣಿಸುತ್ತಾರಾ?