ಅನ್ನ ಮಾಡುವ ಯಂತ್ರ ಬಂದರೆ ಮೊದಲು ಬೀಳುವುದು ಯಾವ ಬೆಳೆ?

"ಇನ್ನು ಮೂವತ್ತು ನಲವತ್ತು ವರ್ಷಕ್ಕೆ ಗದ್ದೆಯೇ ಬೇಡ ಚಿಕ್ಕಪ್ಪ. ಮನೆ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಗಾಳಿ, ನೀರಿನಿಂದ ಅದೇ ಊಟ ಮಾಡಿ ಕೊಡ್ತದೆ" ಅಂತ ಬೆಂಗಳೂರಲ್ಲಿ ಓದುತ್ತಿರುವ ನನ್ನ ಅಣ್ಣನ ಮಗ ಹೇಳ್ತಾನೆ. ನಾನು ಓದಿದ್ದು ಏಳನೇ ಕ್ಲಾಸು. ಜಮೀನು ಇರುವುದು ಸಾಗರದ ಮೂಡಲ ಸೀಮೆ, ಆನಂದಪುರದ ಕಡೆ. ಬರೀ ಮಳೆ ನಂಬಿದ ಖುಷ್ಕಿ. ಸ್ವಲ್ಪ ಮಕ್ಕಿ ಗದ್ದೆ, ಉಳಿದದ್ದು ಜೋಳ. ಇಂಥವನಿಗೆ ಆ ಪೆಟ್ಟಿಗೆ ವಿಷಯ ಎಂತಕ್ಕೆ ಎಂದು ಕೇಳಬಹುದು. ಪೆಟ್ಟಿಗೆ ಬಂದರೆ ಹೋಗುವುದು ನಮ್ಮ ಹೊಟ್ಟೆಪಾಡು ತಾನೇ? ಹಾಗಾಗಿ ನಾವೂ ಒಂದು ಮಾತು ಹೇಳಬೇಕಾಗ್ತದೆ.

ಈ ಯೋಚನೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಎರಿಕ್ ಡ್ರೆಕ್ಸ್‌ಲರ್ ಎಂಬವರು 1986ರಲ್ಲೇ ಒಂದು ಪುಸ್ತಕ ಬರೆದು, ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳು ಅಣುವಿಗೆ ಅಣು ಜೋಡಿಸಿ ಬೇಕಾದ ವಸ್ತು ಕಟ್ಟಿ ಕೊಡುವ ಕಾಲ ಬರುತ್ತದೆ ಎಂದಿದ್ದರು. ನ್ಯಾನೋ ಎನ್ನುವುದು ಅಷ್ಟು ಸಣ್ಣ ಲೆಕ್ಕ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಅಂಥ ಅನ್ನದ ಯಂತ್ರವನ್ನು ಇವತ್ತಿನವರೆಗೆ ಯಾರೂ ಮಾಡಿಲ್ಲ. ಆದರೆ ಬೇರೆ ದಾರಿಯಲ್ಲಿ ಅದರ ಹತ್ತಿರಕ್ಕೆ ಹೋದವರು ಇದ್ದಾರೆ. ಚೀನಾದ ತಿಯಾನ್‌ಜಿನ್ ಎಂಬಲ್ಲಿಯ ವಿಜ್ಞಾನಿಗಳು ಗಿಡವೇ ಇಲ್ಲದೆ, ಇಂಗಾಲದ ಡೈಆಕ್ಸೈಡಿನಿಂದ ಪ್ರಯೋಗಶಾಲೆಯಲ್ಲಿ ಪಿಷ್ಟ ತಯಾರಿಸಿ 2021ರಲ್ಲಿ ಪ್ರಕಟಿಸಿದರು. ನಮ್ಮ ಅಕ್ಕಿಯಲ್ಲಿ, ಜೋಳದಲ್ಲಿ ಇರುವ ಅದೇ ಪಿಷ್ಟ! ಫಿನ್‌ಲ್ಯಾಂಡಿನ ಸೋಲಾರ್ ಫುಡ್ಸ್ ಎಂಬ ಕಂಪೆನಿ ಬ್ಯಾಕ್ಟೀರಿಯಾಕ್ಕೆ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ತಿನ್ನಿಸಿ ಪ್ರೊಟೀನಿನ ಪುಡಿ ಮಾಡುತ್ತದೆ. ಅದನ್ನು ಮಾರಲು 2022ರಲ್ಲಿ ಸಿಂಗಾಪುರ ಒಪ್ಪಿಗೆ ಕೊಟ್ಟಿತು, 2024ರಲ್ಲಿ ಫ್ಯಾಕ್ಟರಿಯೂ ಶುರುವಾಯಿತು. ಆದ್ದರಿಂದ "ಇದೆಲ್ಲ ಬುರುಡೆ" ಎಂದು ಕೈ ಕೊಡವಿ ಕೂರುವ ಹಾಗಿಲ್ಲ.

ಆದರೆ ನಾವು ಮೊದಲು ಹೆದರಬೇಕಾದ್ದು ಅಕ್ಕಿ, ರಾಗಿಗಲ್ಲ ಎನ್ನುವುದು ನನ್ನ ಅಭಿಪ್ರಾಯ. ಫ್ಯಾಕ್ಟರಿಯವರು ದಡ್ಡರಲ್ಲ. ಮೂಟೆಗಟ್ಟಲೆ ಬೇಕಾಗುವ, ಕಿಲೋಗೆ ಇಷ್ಟೇ ರೂಪಾಯಿ ಸಿಗುವ ಮಾಲಿಗೆ ಅವರು ಮೊದಲು ಕೈ ಹಾಕುವುದಿಲ್ಲ. ಚೂರೇ ಚೂರು ಸಾಕಾಗುವ, ಚೂರಿಗೇ ದುಡ್ಡು ಬರುವ ಮಾಲಿಗೆ ಕೈ ಹಾಕ್ತಾರೆ. ಪರಿಮಳ, ಬಣ್ಣ, ರುಚಿ, ಮದ್ದು. ಅಂಥದ್ದನ್ನೇ ನಂಬಿ ಕೂತಿರುವ ಸೀಮೆ ಯಾವುದು ಮಾರಾಯ್ರೆ? ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ!

ವೆನಿಲ್ಲಾ ಕಥೆ ಮರೆತಿಲ್ಲ ಅಲ್ವಾ? 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ಮುಟ್ಟಿತ್ತು. ಬಳ್ಳಿಯ ತುಂಡಿಗೂ ಬೇಡಿಕೆ. ಹೂವು ಅರಳಿದರೆ ಒಂದೇ ದಿನ, ಬೆಳಗ್ಗೆ ಎದ್ದು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಹೆಂಗಸರು ಮಕ್ಕಳೆಲ್ಲ ಅದೇ ಕೆಲಸ. ಕೋಡು ಬಲಿಯಲು ಎಂಟು ಒಂಬತ್ತು ತಿಂಗಳು. ಕಳ್ಳರ ಕಾಟಕ್ಕೆ ರಾತ್ರಿ ಕಾವಲು ಬೇರೆ. ನನ್ನ ಖುಷ್ಕಿಯಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. ಹಾಗಾಗಿ ನಾನು ನೋಡಿದವನು ಮಾತ್ರ. ಎರಡು ಮೂರು ವರ್ಷದೊಳಗೆ ದರ ನೂರರ ಆಚೀಚೆಗೆ ಬಿತ್ತು. ಕೊಳ್ಳುವವರೂ ಇಲ್ಲ. ಬಳ್ಳಿ ಕಿತ್ತು ಎಸೆದರು.

ಮಡಗಾಸ್ಕರಿನಲ್ಲಿ ಬೆಳೆ ಚೇತರಿಸಿತು, ಅದಕ್ಕೇ ಬಿತ್ತು ಅಂತಾರೆ. ಅದೂ ನಿಜವೇ. ಆದರೆ ಆ ಪರಿಮಳದ ಸಾರ ವೆನಿಲಿನ್ ಎಂಬುದನ್ನು ಜರ್ಮನಿಯವರು 1874ರಲ್ಲೇ ಫ್ಯಾಕ್ಟರಿಯಲ್ಲಿ ಮಾಡಲು ಕಲಿತಿದ್ದರು. ಆಮೇಲೆ ಲವಂಗದ ಎಣ್ಣೆಯಿಂದ, ಕಾಗದ ಗಿರಣಿಯ ಕೊಳೆಯಿಂದ, ಕಡೆಗೆ ಪೆಟ್ರೋಲಿಯಂನಿಂದಲೂ ಮಾಡಿದರು. ಇವತ್ತು ಲೋಕದಲ್ಲಿ ಬಳಕೆಯಾಗುವ ವೆನಿಲಿನ್ನಿನಲ್ಲಿ ಕೋಡಿನಿಂದ ಬರುವುದು ಉಪ್ಪಿನಕಾಯಿಯ ಹಾಗೆ ತುದಿ ಬೆರಳಿಗೆ ಹತ್ತುವಷ್ಟು. ನಮ್ಮ ದರ ಏರಿದಾಗ ಐಸ್‌ಕ್ರೀಮಿನವರು ಆ ಕಡೆಗೆ ತಿರುಗಿದರು. ಒಮ್ಮೆ ಹೋದ ಗಿರಾಕಿ ದರ ಬಿದ್ದ ಮೇಲೂ ಪೂರ್ತಿ ವಾಪಸು ಬರಲಿಲ್ಲ. ಅಂದರೆ ನಮ್ಮ ಬಳ್ಳಿಯ ದರಕ್ಕೆ ಮೇಲೊಂದು ಮುಚ್ಚಳ ಇತ್ತು. ಆ ಮುಚ್ಚಳ ಫ್ಯಾಕ್ಟರಿಯವರ ಕೈಯಲ್ಲಿತ್ತು. ಬಳ್ಳಿ ಮಾರಿದವರು ಯಾರೂ ಇದನ್ನು ಹೇಳಲಿಲ್ಲ. ಹಿಂದೆ ನೀಲಿ ಬೆಳೆಗೂ ಹೀಗೇ ಆಗಿದೆ. 1897ರಲ್ಲಿ ಜರ್ಮನಿಯ ಫ್ಯಾಕ್ಟರಿ ನೀಲಿ ಮಾರುಕಟ್ಟೆಗೆ ಬಂತು, ಬಿಹಾರದ ನೀಲಿ ಬೇಸಾಯ ಕುಸಿಯಿತು.

ಇನ್ನು ನ್ಯಾನೋ. ಅದು ಯಂತ್ರವಾಗಿ ಬಂದಿಲ್ಲ, ಬಾಟ್ಲಿಯಾಗಿ ಬಂದಿದೆ. ಇಫ್ಕೋದ ನ್ಯಾನೋ ಯೂರಿಯಾ 2021ರಲ್ಲಿ ಬಿಡುಗಡೆಯಾಯಿತು. ಅರ್ಧ ಲೀಟರ್ ಬಾಟ್ಲಿ 45 ಕಿಲೋದ ಒಂದು ಮೂಟೆಗೆ ಸಮ ಎಂದರು. ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ "ಮೂಟೆ ಬೇಕಾದರೆ ಬಾಟ್ಲಿಯೂ ತಗೊಳ್ಳಿ" ಎಂದೂ ಆಯಿತು. ಈ ಕಟ್ಟುಪಾಡು ನಿಮ್ಮಲ್ಲೂ ಕೆಲವರಿಗೆ ಆಗಿರಬಹುದು. ಏಳನೇ ಕ್ಲಾಸಿನ ಲೆಕ್ಕ ಮಾಡಿ ನೋಡುವ. ಮೂಟೆಯ ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಅಂದರೆ ಮೂಟೆಗೆ 20 ಕಿಲೋ 700 ಗ್ರಾಂ. ಮೊದಲು ಬಂದ ಬಾಟ್ಲಿಯಲ್ಲಿ ನೂರಕ್ಕೆ 4. ಅಂದರೆ 20 ಗ್ರಾಂ. 2024ರಲ್ಲಿ ಅದನ್ನು ನೂರಕ್ಕೆ 20 ಮಾಡಿದರು, ಆಗಲೂ 100 ಗ್ರಾಂ. ಒಂದು ಕ್ವಿಂಟಾಲ್ ಭತ್ತ ಬೆಳೆಯಲು ಪೈರು ಒಂದೂವರೆಯಿಂದ ಎರಡು ಕಿಲೋ ಸಾರಜನಕ ಎಳೆಯುತ್ತದೆ. 20 ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಭತ್ತದ ಪಾಲು!

ಸಣ್ಣ ಕಣ ನೇರ ಎಲೆಯೊಳಗೆ ಹೋಗುತ್ತದೆ, ಪೋಲಾಗುವುದಿಲ್ಲ, ಇಳುವರಿ ನೂರಕ್ಕೆ 8ರಷ್ಟು ಏರಿತು ಎನ್ನುವುದು ಇಫ್ಕೋದವರ ವಾದ. ನೆಲಕ್ಕೆ ಎರಚಿದ ಯೂರಿಯಾ ನಮ್ಮ ಮಲೆನಾಡಿನ ಮಳೆಗೆ ಎಷ್ಟು ಕೊಚ್ಚಿ ಹೋಗ್ತದೆ ಎನ್ನುವುದು ನಮಗೂ ಗೊತ್ತು. ಆದರೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಪರೀಕ್ಷೆ ಮಾಡಿದರು. ಶಿಫಾರಸಿನ ಸಾರಜನಕ ಅರ್ಧಕ್ಕಿಳಿಸಿ ಬಾಟ್ಲಿ ಸಿಂಪಡಿಸಿದಾಗ ಭತ್ತ ನೂರಕ್ಕೆ 13, ಗೋಧಿ ನೂರಕ್ಕೆ 21ರಷ್ಟು ಇಳಿಯಿತು. ಎಷ್ಟೇ ಸಣ್ಣ ಮಾಡಿದರೂ ಇಲ್ಲದ ಸಾರಜನಕ ಹುಟ್ಟುವುದಿಲ್ಲ.

ನಾಳೆಯ ಪೆಟ್ಟಿಗೆಗೂ ಇದೇ ಲೆಕ್ಕ. ಗಾಳಿಯಲ್ಲಿ ಸಾರಜನಕ ಬೇಕಾದಷ್ಟಿದೆ. ಆದರೆ ಅದನ್ನು ಹಿಡಿಯಲು ಶಕ್ತಿ ಬೇಕು. ನನ್ನ ಜೋಳದ ಮಧ್ಯೆ ಹಾಕಿದ ಅವರೆಯ ಬೇರಿನ ಗಂಟಿನಲ್ಲಿ ಬ್ಯಾಕ್ಟೀರಿಯಾ ಆ ಕೆಲಸವನ್ನು ಪುಕ್ಕಟೆ ಮಾಡ್ತದೆ, ಬಿಸಿಲಿನ ಬಲದಲ್ಲಿ. ಚೀನಾದವರ ಪಿಷ್ಟಕ್ಕೂ ಫಿನ್‌ಲ್ಯಾಂಡಿನವರ ಪುಡಿಗೂ ಬೇಕಾದ ಹೈಡ್ರೋಜನ್ ಬರಬೇಕಾದ್ದು ಕರೆಂಟಿನಿಂದ. ಕರೆಂಟು ಅಂದ ಕೂಡಲೆ ನಮಗೆ ಶರಾವತಿ ನೆನಪಾಗಬೇಕು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಸಾಗರ, ಹೊಸನಗರದ ಎಷ್ಟು ಭತ್ತದ ಬಯಲು ಮುಳುಗಿತು! ನಾಡಿಗೆ ಬೆಳಕು ಹೋಯಿತು. ಮುಳುಗಡೆಯವರ ಮಕ್ಕಳು ಮೊಮ್ಮಕ್ಕಳು ಈಗಲೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಗದ್ದೆ ಮುಳುಗಿಸಿ ಮಾಡಿದ ಕರೆಂಟಿನಿಂದ ಅನ್ನ ಮಾಡುವ ಪೆಟ್ಟಿಗೆ ಓಡಿಸುವುದು ಎಂಥ ಬುದ್ಧಿವಂತಿಕೆಯೋ, ನನಗಂತೂ ಅರ್ಥವಾಗುವುದಿಲ್ಲ.

ಇನ್ನೊಂದು, ಬೀಗದ ಕೈ ಯಾರದ್ದು? ನನ್ನ ಮಕ್ಕಿಯ ಭತ್ತದ ಬೀಜ ನನ್ನ ಮನೆಯ ಅಟ್ಟದಲ್ಲೇ ಇದೆ. ಹೈಬ್ರಿಡ್ ಜೋಳದ ಬೀಜಕ್ಕೆ ಪ್ರತಿ ವರ್ಷ ಪೇಟೆಗೆ ಓಡಬೇಕು, ಕೇಳಿದಷ್ಟು ಕೊಡಬೇಕು. ಅನ್ನದ ಪೆಟ್ಟಿಗೆ ಎರಡನೇ ಜಾತಿಯದ್ದು.

ಹಾಗಂತ ಯಂತ್ರ ಬರಬಾರದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಯಾರು ಕೇಳ್ತಾರೆ? ಈಗ ನಮ್ಮಲ್ಲಿ ನಡೆಯುತ್ತಿರುವುದರ ಬಗ್ಗೆ ನನಗೆ ಹೆದರಿಕೆ. ಗದ್ದೆಗೆಲ್ಲ ಅಡಿಕೆ ಬಂತು. ಖುಷ್ಕಿಯಲ್ಲೂ ಬೋರು ಕೊರೆಸಿ ಅಡಿಕೆ ಇಡ್ತಿದ್ದಾರೆ. ಅಕ್ಕಿ ಸೊಸೈಟಿಯಿಂದ ಬರ್ತದಲ್ಲ ಎಂಬ ಧೈರ್ಯ. ಎಲೆಚುಕ್ಕೆ ರೋಗ ತೀರ್ಥಹಳ್ಳಿ, ಹೊಸನಗರದ ತೋಟಗಳನ್ನು ಹೇಗೆ ಅಲ್ಲಾಡಿಸಿತು ನೋಡಿದ್ದೇವೆ. ಇದರ ಮೇಲೆ ಚೂರಿಗೆ ದುಡ್ಡು ಬರುವ ಮಾಲನ್ನು ಫ್ಯಾಕ್ಟರಿ ಒಂದೊಂದಾಗಿ ಮಾಡತೊಡಗಿದರೆ? ಅರ್ಧ ಎಕರೆಯಾದರೂ ಮನೆಯ ಅನ್ನಕ್ಕೆ ಇಟ್ಟವನು ದರ ಬಿದ್ದ ವರ್ಷ ಉಪವಾಸ ಬೀಳುವುದಿಲ್ಲ. ನಾನು ಮಕ್ಕಿಯನ್ನು ಬಿಡದೇ ಇರುವುದು ಅದಕ್ಕೇ. ಅದರಲ್ಲಿ ಲಾಭ ಇಲ್ಲ ಅಂತ ಮನೆಯವರೇ ದಿನಾ ಹೇಳ್ತಾರೆ, ಹೇಳಲಿ.

ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ನನ್ನ ಜಮೀನಿಂದ ದೂರವೇನಲ್ಲ. ಅಲ್ಲಿಯವರಲ್ಲಿ ನನ್ನದೊಂದು ಬೇಡಿಕೆ. ನಮ್ಮ ಮಳೆಯಲ್ಲಿ, ನಮ್ಮ ಮಕ್ಕಿಯಲ್ಲಿ ಈ ನ್ಯಾನೋ ಬಾಟ್ಲಿ ಎಷ್ಟು ಕೆಲಸ ಮಾಡ್ತದೆ ಎಂದು ಮೂರು ತಾಲೂಕಿನ ರೈತರ ಗದ್ದೆಯಲ್ಲೇ ಅಳೆದು, ಕನ್ನಡದಲ್ಲಿ ಒಂದು ಹಾಳೆ ಬರೆದು ಪ್ರತಿ ಸೊಸೈಟಿಯ ಗೋಡೆಗೆ ಅಂಟಿಸಲಿ. ಬರುವ ಮಹಾಸಭೆಯಲ್ಲಿ ನಮ್ಮ ಸೊಸೈಟಿಯವರಿಗೂ ಇದನ್ನು ಕೇಳುವವನಿದ್ದೇನೆ. ನೀವೂ ನಿಮ್ಮಲ್ಲಿ ಕೇಳಿ, ಕೇಳಿದ್ದಕ್ಕೆ ಏನು ಉತ್ತರ ಬಂತು ಎಂದು ಪತ್ರಿಕೆಗೆ ಬರೆಯಿರಿ.